ಕರಿಬೀಜ ಎಡಕ್ಕೆ, ಒಡಕು ಬಲಕ್ಕೆ

ಮೆಲ್ಲಗೆ, ಇಂದಮ್ಮ, ಮೆಲ್ಲಗೆ... ಮೊದಲು ಆ ಬಾಗಿಲು ಹಾಕಿಕೊಂಡು ಬನ್ನಿ. ಈ ಕಟ್ಟಡದಲ್ಲಿ ಮೆಟ್ಟಿಲ ಹತ್ತಿರ ನಿಂತರೆ ಒಳಗೆ ಸೀನಿದ್ದೂ ಕೇಳಿಸುತ್ತೆ. ಈ ಸ್ವೀಡನ್ನಿನ ಗೋಡೆಗೆ ಚಳಿ ತಡೆಯೋದು ಗೊತ್ತು, ಮಾತು ತಡೆಯೋದು ಗೊತ್ತಿಲ್ಲ. ಹಾಕಿದಿರಾ? ಚಿಲಕ? ಸರಿ. ಈಗ ನಾನು ಹೇಳೋದು ನಿಮ್ಮ ಹೊಟ್ಟೆಯೊಳಗೇ ಇರಬೇಕು. ನಿಮ್ಮ ಮೊಮ್ಮಗಳು ಶ್ರಾವಣಿಯ ತಲೆ ಮುಟ್ಟಿ... ಬೇಡ, ಮಗುವಿನ ತಲೆ ಬೇಡ. ಈ ಹುರುಳಿ ಮುಟ್ಟಿ ಹೇಳಿ, ಇದೂ ಅನ್ನವೇ. ಯಾರಿಗೂ ಹೇಳಲ್ಲ ಅಂತ ಹೇಳಿ.

ಯಾಕೆ ನಗ್ತೀರಿ? ನಗೋ ವಿಷಯ ಅಲ್ಲ ಇದು!

ಈ ಹುರುಳಿ ಬೆಂಗಳೂರಿಂದ ಹೊತ್ತು ತಂದದ್ದಾ? ಐದು ಕೆ.ಜಿ.? ಶಿವನೇ... ಅರ್ಧ ಕಲ್ಲೇ ಇದೆ. ಕೊಡಿ ಇತ್ತ ಆ ತಟ್ಟೆ. ನೀವು ಒಂದೊಂದೇ ಹೆಕ್ಕುತ್ತಾ ಕೂತರೆ ಯುಗಾದಿ ಬಂದುಬಿಡುತ್ತೆ. ನಾನು ಆರಿಸ್ತೀನಿ, ನೀವು ಕೇಳಿಸ್ಕೊಳ್ಳಿ. ಕೈಗೊಂದು ಕೆಲಸ ಇದ್ದರೆ ನನ್ನ ಬಾಯಿಯೂ ಸರಾಗ.

ಮೊದಲು ಈ ಕಾಗದ ನೋಡಿ. ಕೋಟಿನ ಒಳಜೇಬಲ್ಲಿ ಇಟ್ಟುಕೊಂಡು ಬಂದೆ, ಸೊಸೆಗೂ ತೋರಿಸಿಲ್ಲ. ಮೂರನೇ ಮಹಡಿಯ ಯೋಗೀಶ ಇಂಗ್ಲಿಷಿನಲ್ಲಿ ಟೈಪ್ ಮಾಡಿಕೊಟ್ಟ. ನನಗೆ ಓದೋಕೆ ಬರಲ್ಲ, ಆದರೆ ಏನಿದೆ ಅಂತ ಬಾಯಿಪಾಠ. ಎರಡನೇ ಕ್ಲಾಸಿಗೇ ಬಿಡಿಸಿದ್ದರಲ್ಲ ನನ್ನನ್ನ... ನಮ್ಮ ಕಾಲದಲ್ಲಿ ಎಸ್ಟೇಟ್ ಮನೆಯ ಹೆಣ್ಣುಮಕ್ಕಳನ್ನ ಹೊರಗೆ ಕಳಿಸ್ತಾ ಇರಲಿಲ್ಲ ನೋಡಿ. ಕೊಮ್ಮೂನಿಗೆ, ಅಂದರೆ ಇಲ್ಲಿನ ನಗರಸಭೆಗೆ, ಬರೆದದ್ದು ಇದು. ನಮ್ಮ ಮಕ್ಕಳು ಹೋಗುವ ಶಿಶುವಿಹಾರ, ಆ ಡಾಗಿಸ್‌ನಲ್ಲಿ ಎರ್ಲಿಂಡಾ ಅನ್ನೋಳನ್ನ ಇಟ್ಟುಕೊಳ್ಳಬಾರದು, ಅವಳ ಹಿಂದಿನ ಚರಿತ್ರೆ ಸರಿ ಇಲ್ಲ, ನಮಗೆ ಭಯ ಆಗುತ್ತೆ ಅಂತ. ನಾಲ್ಕು ಮನೆಯವರು ರುಜು ಹಾಕಿದ್ದಾರೆ. ಶಾರದಾ ಮನೆಯವರು ಹಾಕಿದರು, ಜಾನಕಿ ಅಳಿಯ ಹಾಕಿದ. ಗುರುವಾರ ಅಲ್ಲಿ ಮೀಟಿಂಗು. ಆದರೆ ಯೋಗೀಶ ಹೇಳ್ತಾನೆ, ನಮ್ಮವರ ಪೈಕಿ ಅವಳ ಗುಂಪಿನಲ್ಲೇ ಇರೋ ಮಗು ಅಂದರೆ ನಿಮ್ಮ ಶ್ರಾವಣಿ ಒಬ್ಬಳೇ, ನಿಮ್ಮ ಮನೆ ರುಜು ಇಲ್ಲದಿದ್ದರೆ ಈ ಅರ್ಜಿ ಗಟ್ಟಿ ನಿಲ್ಲೋದಿಲ್ಲ ಅಂತ. ನಿಮ್ಮ ಮಗ ರೋಹನ್‌ನ ಲಿಫ್ಟ್ ಹತ್ತಿರ ಹಿಡಿದು ಕೇಳಿದೆ. "ಅಮ್ಮ ಹೇಳಿದರೆ ಹಾಕ್ತೀನಿ ಆಂಟಿ" ಅಂದ. ಒಳ್ಳೆ ಹುಡುಗ. ಈಗ ಎಲ್ಲ ನಿಮ್ಮ ಕೈಯಲ್ಲಿದೆ.

ಪೆನ್ನು ಇದೆ, ಇಲ್ಲಿಟ್ಟಿದ್ದೀನಿ. ಅವಸರ ಇಲ್ಲ. ಕೇಳಿ ಆಮೇಲೆ ಹೇಳಿ.

ಎರ್ಲಿಂಡಾ ಗೊತ್ತಲ್ಲ ನಿಮಗೆ? ಗಿಡ್ಡಕ್ಕೆ, ಎಣ್ಣೆಗಪ್ಪು, ಬೆನ್ನಿಗೊಂದು ಜಡೆ, ಬಾಯಿ ಬಿಟ್ಟರೆ ಒಂದು ಚಿನ್ನದ ಹಲ್ಲು. ಹೌದು, ಅವಳೇ, ಶ್ರಾವಣಿಗೆ ದಿನಾ ಬೂಟು ಹಾಕಿಸಿ ಕಳಿಸೋಳು. ಮಗು ಅವಳನ್ನ ಬಿಟ್ಟು ಬರಲ್ಲ ಅಂತೀರಾ? ಅದೇ ನೋಡಿ! ಮಕ್ಕಳನ್ನ ಮೊದಲು ಬುಟ್ಟಿಗೆ ಹಾಕ್ಕೊಳ್ಳೋದು! ನಮ್ಮ ಮನೆಯ ಕೆಳಗಿನ ಮನೆ ಅವಳದು. ನನಗೆ ಗೊತ್ತಿರೋಷ್ಟು ಅವಳ ವಿಷಯ ಈ ವೆಸ್ಟೆರಾಸಿನಲ್ಲಿ ಇನ್ಯಾರಿಗೂ ಗೊತ್ತಿಲ್ಲ.

ಪರಿಚಯ ಆದದ್ದು ನೆಲಮಾಳಿಗೆಯಲ್ಲಿ, ಬಟ್ಟೆ ಒಗೆಯುವ ಕೋಣೆಯಲ್ಲಿ. ನಾನು ಬಂದ ವರ್ಷ, ಎರಡು ಸಾವಿರದ ಒಂದು. ಮೆಷಿನ್ ಖಾಲಿ ಇದೆ ಅಂತ ನಮ್ಮ ಬಟ್ಟೆ ತುರುಕಿದೆ. ಅದಕ್ಕೂ ಇಲ್ಲಿ ಪಾಳಿ ಇದೆ, ಬೋರ್ಡಿನಲ್ಲಿ ಅವರವರ ಬೀಗ ಸಿಕ್ಕಿಸಬೇಕು ಅಂತ ನನಗೇನು ಗೊತ್ತು? ಅದು ಅವಳ ಪಾಳಿ. ಬಂದಳು, ಸೊಂಟಕ್ಕೆ ಬುಟ್ಟಿ ಆನಿಸಿಕೊಂಡು ನಿಂತಳು. ಜಗಳಕ್ಕೆ ನಾನು ಸೆರಗು ಸಿಕ್ಕಿಸಿಕೊಂಡು ತಯಾರು. ಏನು ಮಾಡಿದಳು ಗೊತ್ತಾ? ಕುರ್ಚಿ ಎಳೆದು "ಕೂತ್ಕೋ" ಅಂದಳು. ಅಲ್ಲೇ ಫ್ಲಾಸ್ಕಿನಿಂದ ಕಾಫಿ ಬಗ್ಗಿಸಿಕೊಟ್ಟಳು. ಇಲ್ಲಿಗೆ ಬಂದ ಮೇಲೆ ನನ್ನ ಮುಖ ನೋಡಿ ಕೂತ್ಕೋ ಅಂದ ಮೊದಲ ಹೊರಗಿನವಳು...

ಹೋಗಲಿ ಬಿಡಿ. ಅದಕ್ಕೂ ಇದಕ್ಕೂ ಏನು ಸಂಬಂಧ.

ಈ ಜನಕ್ಕೊಂದು ಹುಚ್ಚಿದೆ. ಐದಾರು ಜನ ಮೇಜಿನ ಸುತ್ತ ಕೂತು ಏನಾದರೂ ಕಲಿಯೋದು. ಪರೀಕ್ಷೆ ಇಲ್ಲ, ಮೇಷ್ಟ್ರಿಲ್ಲ. ಒಬ್ಬರು ಅಣಬೆ ಬಗ್ಗೆ ಕಲಿಸ್ತಾರೆ, ಒಬ್ಬರು ಹಳೇ ರೈಲಿನ ಬಗ್ಗೆ. ಕೊನೆಗೆ ಫೀಕಾ ಅಂತ, ಕಾಫಿ, ದಾಲ್ಚಿನ್ನಿ ಬನ್ನು. ನನ್ನ ಕೇಳಿದರೆ ಬನ್ನಿಗೋಸ್ಕರವೇ ಬರೋದು ಎಲ್ಲರೂ. ಈ ಎರ್ಲಿಂಡಾ ತನ್ನ ದೇಶದ ಚರಿತ್ರೆ ಹೇಳ್ತೀನಿ ಅಂತ ಒಂದು ಸರ್ಕಲ್ ಹಚ್ಚಿದಳು, ಮಂಗಳವಾರ ಮಂಗಳವಾರ. ನನ್ನ ಸೊಸೆ ಪಾವನಾ "ಹೋಗಿ ಅತ್ತೆ, ಭಾಷೆ ಬರುತ್ತೆ" ಅಂತ ಅಟ್ಟಿದಳು. ನಾನು ಮನೆಯಲ್ಲಿ ಇಲ್ಲದಿದ್ದರೆ ಅವಳಿಗೆ ಫೋನು ಸಲೀಸು, ನನಗೆ ಗೊತ್ತಿಲ್ವಾ?

ಇಬ್ಬರು ಸ್ವೀಡಿಷ್ ಮುದುಕಿಯರು, ನಾನು, ಮತ್ತೆ ಆಸ್ಪತ್ರೆ ಲ್ಯಾಬಿನ ಬೆನೆಡಿಕ್ಟಾ. ಮಂಗಳೂರಿನವಳು, ನನಗೆ ಕನ್ನಡದಲ್ಲಿ ಹೇಳೋಳು ಅವಳೇ. ಅವಳ ಗಂಡ ಫ್ರಾನ್ಸಿಸ್ ಕಾರ್ಲ್‌ಸ್ಕ್ರೂನಾದಲ್ಲಿ, ಇವಳು ಇಲ್ಲಿ. ಕೆಲಸಕ್ಕೋಸ್ಕರ ಅಂತಾರೆ. ತಿಂಗಳಿಗೆರಡು ಸಲ ಬರ್ತಾನೆ, ಬಂದಾಗ ಸೋಫಾದಲ್ಲಿ ಮಲಗ್ತಾನೆ... ನನಗೆ ಹೇಗೆ ಗೊತ್ತು ಅಂತ ಕೇಳಬೇಡಿ. ಕಿಟಕಿ ಪರದೆ ಇಲ್ಲ ಅವರ ಮನೆಗೆ.

ಇರಲಿ. ಎರ್ಲಿಂಡಾಳ ದೇಶ ಎಲ್ಲಿ ಅಂದರೆ... ಅಮೆರಿಕದ ಸೊಂಟದ ಹತ್ತಿರ. ಎಲ್ ಸಾಲ್ವಡಾರ್ ಅಂತ. ಎಷ್ಟು ದೊಡ್ಡದು? ನಮ್ಮ ತುಮಕೂರು, ಮಂಡ್ಯ, ಮೈಸೂರು ಮೂರನ್ನೂ ಸೇರಿಸಿ, ಅಷ್ಟೇ! ಆ ಹೆಸರಿಗೆ ಉದ್ಧಾರಕ ಅಂತ ಅರ್ಥವಂತೆ. ಉದ್ಧಾರ ಆದದ್ದನ್ನ ಮುಂದೆ ಕೇಳಿ.

ಬಿಳಿಯರು ಬರೋಕೆ ಮುಂಚೆ ಅದಕ್ಕೆ ಬೇರೆ ಹೆಸರಿತ್ತು. ಕುಸ್ಕತ್ಲಾನ್. ಒಡವೆಯ ನಾಡು ಅಂತ. ಅವಳ ಜನ, ಪಿಪಿಲರು ಅಂತೆ, ಜೋಳ ಬೆಳ್ಕೊಂಡು ಇದ್ದರು. ಕೊಕ್ಕೋ ಬೀಜವೇ ಅವರ ದುಡ್ಡು. ಅದರಲ್ಲೂ ಕಳ್ಳರಿದ್ದರಂತೆ ರೀ! ಬೀಜದ ಸಿಪ್ಪೆ ಬಿಡಿಸಿ, ಒಳಗಿನದ್ದು ತಿಂದು, ಮಣ್ಣು ತುಂಬಿ ಮತ್ತೆ ಅಂಟಿಸಿ ಕೊಡೋದು! ನಾನು ಬಿದ್ದು ಬಿದ್ದು ನಕ್ಕೆ. ಸ್ವೀಡಿಷ್ ಮುದುಕಿಯರು ಬರ್ಕೊಂಡರು. ಇವರು ನಗೋದಕ್ಕೂ ಮೊದಲು ಬರ್ಕೋತಾರೆ.

ಆಮೇಲೆ ಬಂದ ಸ್ಪೇನಿನ ದಂಡನಾಯಕ, ಇವತ್ತಿಗೆ ಐನೂರು ವರ್ಷ ಆಗ್ತಾ ಬಂತು. ಕೆಂಚುಕೂದಲು. ಆ ಕಡೆ ಜನ ಅವನನ್ನ ಸೂರ್ಯ ಅಂತ ಕರೆದರಂತೆ! ಆ ಸೂರ್ಯ ಊರೂರು ಸುಟ್ಟ. ಸಮುದ್ರದ ದಡದಲ್ಲಿ ಯಾರೋ ಪುಣ್ಯಾತ್ಮ ಅವನ ತೊಡೆಗೆ ಬಾಣ ಬಿಟ್ಟ, ಆ ಕಾಲು ಗಿಡ್ಡ ಆಗಿ ಸಾಯೋವರೆಗೂ ಕುಂಟಿದ. ಅಷ್ಟಾದರೂ ಆಯ್ತಲ್ಲ ಅಂತೀನಿ. ಕುಂಟಿಕೊಂಡೇ ಅವರ ಪಟ್ಟಣಕ್ಕೆ ಹೋದರೆ, ಜನವೇ ಇಲ್ಲ, ಎಲ್ಲರೂ ಬೆಟ್ಟ ಹತ್ತಿದ್ದಾರೆ. ಬರೀ ಒಲೆ, ಮಡಕೆ. ಆದರೆ ಎಷ್ಟು ದಿನ ಬೆಟ್ಟದಲ್ಲಿರ್ತಾರೆ? ಒಂದು ದಿನ ಇಳಿಯಲೇಬೇಕಲ್ಲ, ಹೊಟ್ಟೆ ಇದೆಯಲ್ಲ.

...ಒಂಜಿ, ರಡ್ಡ್, ಮೂಜಿ... ಹಾಂ? ಏನಿಲ್ಲ, ಕಲ್ಲು ಎಣಿಸಿದೆ. ನೀವೇನು ನನ್ನ ಬಾಯಿ ಬಿಟ್ಟು ಕೈ ನೋಡ್ತೀರಿ? ಕೇಳಿ.

ಒಡವೆಯ ನಾಡಲ್ಲಿ ಒಡವೆ ಸಿಗಲಿಲ್ಲ. ಚಿನ್ನ ಇಲ್ಲ. ಬಿಳಿಯರು ಬಿಡ್ತಾರಾ? ನೀಲಿ ಮಾಡಿಸಿದರು. ಬಟ್ಟೆಗೆ ಹಾಕೋ ನೀಲಿ. ಗಿಡ ಕುಯ್ದು ತೊಟ್ಟಿಯಲ್ಲಿ ಕೊಳೆ ಹಾಕೋದು, ಆ ನೀರಿಗೆ ಜನ ಇಳಿಸಿ ಬಡಿಸೋದು. ನೊಣ ಅಂದರೆ ನೊಣ, ನಾತ ಅಂದರೆ ನಾತ. ಜ್ವರ ಬಂದು ಸಾಲಾಗಿ ಸತ್ತರು. ಸ್ಪೇನಿನ ರಾಜನಿಗೇ ಹೇಸಿಗೆ ಆಗಿ, ಆ ಜನರನ್ನ ಈ ಕೆಲಸಕ್ಕೆ ಹಾಕಬಾರದು ಅಂತ ಕಾನೂನು ಬರೆದ ಅಂತೆ. ಕಾಗದ ಹಡಗಿನಲ್ಲಿ ಬಂತು. ಓದಿದರು, ಮಡಿಸಿಟ್ಟರು, ಮಾರನೇ ದಿನ ಮತ್ತೆ ತೊಟ್ಟಿಗೆ ಇಳಿಸಿದರು. ದಂಡ ಕಟ್ಟಿದರೆ ಆಯ್ತಲ್ಲ! ಎರ್ಲಿಂಡಾ ಇದನ್ನ ಹೇಳುವಾಗ ಒಂಚೂರೂ ದನಿ ಎತ್ತಲಿಲ್ಲ. ಆ ಸ್ವೀಡಿಷ್ ಮುದುಕಿಯರ ಕಣ್ಣಲ್ಲಿ ನೀರು. ನಾನು ಬನ್ನು ತಿಂದೆ. ನನಗೆ ಹೊಸದಲ್ಲ ಅದು.

ಏನು ಹೊಸದಲ್ಲ ಅಂದರೆ... ಕೇಳಿದ್ದೀನಿ ಅಂದೆ. ನಮ್ಮ ಎಸ್ಟೇಟಿನಲ್ಲೂ ಕೂಲಿಗಳು ಇರ್ತಿದ್ದರಲ್ಲ! ಮೂಡಿಗೆರೆ ಕಡೆ ನೂರಿಪ್ಪತ್ತು ಎಕರೆ ಅಂತ ಹೇಳಿದ್ದೆನಲ್ಲ ನಿಮಗೆ, ಮಾರಿದ್ದು. ಎಲ್ಲ ನೋಡಿದವಳು ನಾನು.

ಆಮೇಲೆ ಸ್ಪೇನಿನವರನ್ನ ಓಡಿಸಿದರು. ಇನ್ನೂರು ವರ್ಷವೂ ಆಗಿಲ್ಲ. ಅಕ್ಕಪಕ್ಕದ ಐದು ಸೀಮೆ ಸೇರಿ ಒಂದೇ ಮನೆ, ಕೂಡುಕುಟುಂಬ ಅಂದುಕೊಳ್ಳಿ. ಹದಿನೈದು ಇಪ್ಪತ್ತು ವರ್ಷ ಬಾಳಲಿಲ್ಲ ರೀ! ನಾನು ಹಿರಿಯ, ನೀನು ಕಿರಿಯ ಅಂತ ಹೊಡೆದಾಡಿ ಪಾಲಾದರು. ಎಲ್ಲಕ್ಕಿಂತ ಚಿಕ್ಕ ಪಾಲು ಇವರದು. ಇದನ್ನ ಕೇಳುವಾಗ ಶಾರದಾಳ ಗಂಡನ ಮನೆ ನೆನಪಾಯ್ತು ನನಗೆ, ಆ ಸೈಟಿನ ಜಗಳ... ಅದು ಇನ್ನೊಂದು ದಿನ ಹೇಳ್ತೀನಿ.

ಅಷ್ಟರಲ್ಲಿ ಜರ್ಮನಿಯವರು ಕಾರ್ಖಾನೆಯಲ್ಲೇ ನೀಲಿ ಮಾಡೋದು ಕಂಡುಹಿಡಿದರು. ಗಿಡದ ನೀಲಿಗೆ ಗಿರಾಕಿ ಇಲ್ಲ. ಮತ್ತೇನು ಅಂತೀರಾ? ಕಾಫಿ! ಬೆಟ್ಟದ ಬುಡದ ಬೂದಿಮಣ್ಣು, ಕಾಫಿಗೆ ಹೇಳಿ ಮಾಡಿಸಿದ್ದು. ಆದರೆ ಆ ಮಣ್ಣು ಯಾರದು? ಊರಿನದು. ಊರಿಗೆಲ್ಲ ಸೇರಿದ್ದು, ಯಾರು ಬೇಕಾದರೂ ಜೋಳ ಹಾಕ್ಕೊಳ್ಳಬಹುದು, ಸೌದೆ ತರಬಹುದು. ಮೊದಲು ಸರ್ಕಾರದವರು ಹೇಳಿದರು, ಕಾಫಿ ನೆಡಿ, ಇಲ್ಲ ಬಿಡಿ ಅಂತ. ಕಾಫಿ ಫಲ ಕೊಡೋಕೆ ನಾಲ್ಕು ವರ್ಷ ಬೇಕು, ಬಡವ ನಾಲ್ಕು ವರ್ಷ ಏನು ತಿನ್ನಬೇಕು? ಆಮೇಲೆ ಒಂದು ದಿನ ಕಾನೂನೇ ಬಂತು, ಊರ ಭೂಮಿ ಅಂತ ಇನ್ನು ಯಾವುದೂ ಇಲ್ಲ. ನೂರಿಪ್ಪತ್ತು ನೂರಿಪ್ಪತ್ತೈದು ವರ್ಷದ ಹಿಂದೆ. ಮಲಗಿ ಎದ್ದರೆ ತಮ್ಮ ಹೊಲದಲ್ಲೇ ಕೂಲಿಗಳು. ಹದಿನಾಲ್ಕು ಮನೆತನಗಳು ಅಂತ ಹೆಸರು ಹೇಳ್ತಾರಂತೆ, ತೋಟ ಅವರದು, ಗದ್ದುಗೆ ಅವರದು, ಪೊಲೀಸ್ ಅವರದು. ರೈಲು ಹಾಕಿದರು, ಬಂದರು ಕಟ್ಟಿದರು. ಎಲ್ಲ ಕಾಫಿ ಹೊರೋದಕ್ಕೆ. ದೇಶ ಮುಂದೆ ಬಂತು ಅಂತ ಪುಸ್ತಕದಲ್ಲಿ ಬರೆದಿದೆಯಂತೆ. ಥೂ...

ಕೂಲಿಗೆ ಏನು ಕೊಡ್ತಿದ್ದರು ಗೊತ್ತಾ? ಎರಡು ದಪ್ಪ ರೊಟ್ಟಿ, ಅದರ ಮೇಲೆ ಒಂದು ಹಿಡಿ ಅವರೆ ಥರದ ಕಾಳು. ಹಣ್ಣು ಬಿಡಿಸೋರು ಗಂಡಸರು ಹೆಂಗಸರು ಇಬ್ಬರೂ. ಆದರೆ ಬೀಜ ಆರಿಸೋದು ಮಾತ್ರ ಹೆಂಗಸರೇ. ಗಂಡಸಿಗೆ ಬರಲ್ಲ ಅದು. ಉದ್ದ ಶೆಡ್ಡು, ಎರಡು ಸಾಲು, ಬೆಳಕು ತಲೆಯ ಮೇಲಿಂದ ಬೀಳಬೇಕು, ಪಕ್ಕದಿಂದ ಬಿದ್ದರೆ ಕರಿಬೀಜ ಕಾಣಲ್ಲ. ಮುಂದಿನಿಂದ ರಾಶಿ ಎಳೆದುಕೊಳ್ಳೋದು, ಎರಡೂ ಕೈ ಒಟ್ಟಿಗೆ ಓಡಬೇಕು. ಕರಿಬೀಜ ಎಡಕ್ಕೆ, ಒಡಕು ಬಲಕ್ಕೆ, ಒಳ್ಳೇದು ಮಡಿಲಿಗೆ. ಒಂದು ಕರಿಬೀಜ ಉಳಿದರೂ ಮೂಟೆ ಪೂರ್ತಿ ಮತ್ತೆ ಸುರೀತಾರೆ, ಆ ದಿನದ ಕೂಲಿ ಹೋಯ್ತು. ಬೆಳಗ್ಗೆಯಿಂದ ಸಂಜೆವರೆಗೆ ಆ ಧೂಳು ಕುಡಿದು ಕುಡಿದು ರಾತ್ರಿ ಕೆಮ್ಮಿದರೆ ಕಫವೂ ಬೀಜದ ಬಣ್ಣ...

ಹಾಂ? ಇದೂ ಎರ್ಲಿಂಡಾನೇ ಹೇಳಿದ್ದು. ಮತ್ಯಾರು ಹೇಳ್ತಾರೆ?

ಹಾಗೆ ನೋಡಬೇಡಿ ರೀ. ಬೆನೆಡಿಕ್ಟಾನ ಕೇಳಿ ಬೇಕಾದರೆ... ಬೇಡ, ಅವಳನ್ನ ಕೇಳಬೇಡಿ.

ಮೂವತ್ತೆರಡನೇ ಇಸವಿ ಬಂತು. ಜಗತ್ತಿನಲ್ಲಿ ಕಾಫಿಯ ಬೆಲೆ ಬಿತ್ತು, ಕೂಲಿ ಇಲ್ಲ, ಹೊಟ್ಟೆಗಿಲ್ಲ. ಆ ಜನ ಕತ್ತಿ ಹಿಡಿದು ಎದ್ದರು. ಎರಡೇ ಮೂರು ದಿನ. ಆಮೇಲೆ ದಂಡು ಬಂತು. ಯಾರು ಎದ್ದವರು, ಯಾರು ಮಲಗಿದ್ದವರು ಅಂತ ನೋಡಲಿಲ್ಲ. ಸೊಂಟಕ್ಕೆ ನಮ್ಮ ಸೀರೆಯ ಹಾಗೆ ಸುತ್ತುವ ಲಂಗ ಉಟ್ಟವಳು ಸಿಕ್ಕರೆ, ಆ ಭಾಷೆಯ ಒಂದು ಮಾತು ಬಾಯಿಂದ ಬಿದ್ದರೆ, ಗೋಡೆಗೆ ನಿಲ್ಲಿಸೋದು. ಹತ್ತು ಸಾವಿರ ಅಂತಾರೆ, ಮೂವತ್ತು ಸಾವಿರ ಅಂತಾರೆ. ಎಣಿಸೋರಾದರೂ ಉಳಿಯಬೇಕಲ್ಲ. ಎರ್ಲಿಂಡಾಳ ಅಜ್ಜಿ ಆಗ ಸಣ್ಣ ವಯಸ್ಸು, ಕಂಕುಳಲ್ಲಿ ಮಗು. ಬೆಳಗಾಗೋದರೊಳಗೆ ಲಂಗ ಬಿಚ್ಚಿ ಕಾಫಿ ಗಿಡದ ಬುಡಕ್ಕೆ ಹೂತಳು. ಯಾರದೋ ಒಗೆದು ಹಾಕಿದ ಫ್ರಾಕು ತೊಟ್ಟಳು. ಅವತ್ತಿಂದ ಸಾಯೋವರೆಗೆ ತನ್ನ ತಾಯಿಮಾತು ಆಡಲಿಲ್ಲ. ಮಕ್ಕಳಿಗೂ ಕಲಿಸಲಿಲ್ಲ. ಯಾರಾದರೂ ಕೇಳಿದರೆ "ನಾವು ಆ ಜನ ಅಲ್ಲ" ಅನ್ನೋಳು. ಸಾಯುವಾಗ ಜ್ವರದಲ್ಲಿ ಏನೋ ಬಡಬಡಿಸಿದಳಂತೆ, ಇಡೀ ರಾತ್ರಿ. ಮನೆಯಲ್ಲಿ ಹದಿನಾರು ಜನ ಇದ್ದರು. ಒಬ್ಬರಿಗೂ ಅರ್ಥ ಆಗಲಿಲ್ಲ.

...

ಏನಿಲ್ಲ, ಹುರುಳಿ ಧೂಳು ಕಣ್ಣಿಗೆ ಹೋಯ್ತು. ನೀರು ಬೇಡ, ಕೂತ್ಕೊಳ್ಳಿ.

ಈಗ ಮುಖ್ಯ ವಿಷಯ. ಇವಳು ಹುಡುಗಿಯಾಗಿದ್ದಾಗ ಅಲ್ಲಿ ಮತ್ತೆ ಯುದ್ಧ. ಇವಳ ಅಣ್ಣ ಬೆಟ್ಟ ಸೇರಿದ, ಬಂದೂಕಿನವರ ಜೊತೆ. ಇವಳು ಬುಟ್ಟಿ ಹೊತ್ತು ಬೆಟ್ಟ ಹತ್ತೋಳು! ಬುಟ್ಟಿಯಲ್ಲಿ ಏನು? ಬಂದೂಕು! ಎಷ್ಟು ಜನರನ್ನ ಕೊಂದಳೋ ಯಾರಿಗೆ ಗೊತ್ತು! ಎಂಬತ್ತೈದರಲ್ಲಿ ಇಲ್ಲಿಗೆ ಓಡಿ ಬಂದದ್ದು ಸುಮ್ಮನೆಯಾ? ಆ ಕೈಯಲ್ಲಿ ಇಪ್ಪತ್ತು ವರ್ಷದಿಂದ ಎಳೇ ಮಕ್ಕಳ ಮೂಗು ಒರೆಸ್ತಾಳೆ! ಇದನ್ನ ಕೇಳಿದ ಮೇಲೂ ಸುಮ್ಮನಿರೋಕೆ ನನ್ನಿಂದ ಆಗಲಿಲ್ಲ. ಶಾರದಾಗೆ ಹೇಳಿದೆ. ಜಾನಕಿಗೆ ಹೇಳಿದೆ. ಮಕ್ಕಳ ವಿಷಯ ಅಲ್ವಾ?

ಅವಳೇ ಬಾಯಿಬಿಟ್ಟು ಹೇಳಿದ್ದು, ದೇವರಾಣೆ. ಎಲ್ಲರ ಎದುರಿಗೆ. ಅಣ್ಣ ಎರಡು ದಿನದಿಂದ ಹಸಿದಿದ್ದ, ರೊಟ್ಟಿ ಬಿಸಿ ಆರಬಾರದು ಅಂತ ಬಟ್ಟೆಯಲ್ಲಿ ಸುತ್ತಿ ಬುಟ್ಟಿಯಲ್ಲಿ...

ಹ್ಞೂಂ. ರೊಟ್ಟಿ.

ರೊಟ್ಟಿಯ ಕೆಳಗೆ ಏನಿತ್ತೋ ನೀವು ನೋಡಿದ್ದೀರಾ? ನಾನೂ ನೋಡಿಲ್ಲ! ಹಾಗಂದ ಮೇಲೆ ಇರಬಹುದಲ್ಲ? ಇರಬಾರದು ಅಂತ ಏನು? ಮಾತಾಡಿ ಇಂದಮ್ಮ. ಹೌದು ಅನ್ನಿ, ಇಲ್ಲ ಅನ್ನಿ. ಬೈಯಿರಿ ಬೇಕಾದರೆ. ಸುಮ್ಮನೆ ಕೂತರೆ ನನಗಾಗಲ್ಲ.

ಅವಳು ನನ್ನ ಮಾನ ಕಳೆದಳು ಕಣ್ರೀ! ಕಾಫಿ ಪಾಠದ ದಿನ. ಅವಳ ಚಿಕ್ಕಪ್ಪನ ಮಗಳು ಊರಿಂದ ಕಳಿಸಿದ್ದು, ಹುರಿಯದ ಹಸಿ ಬೀಜ, ಬಟ್ಟೆ ಚೀಲದಿಂದ ಮೇಜಿನ ಮೇಲೆ ಸುರಿದಳು, ಎಲ್ಲರೂ ಮುಟ್ಟಿ ನೋಡಲಿ ಅಂತ. ನಾನು ನನ್ನಷ್ಟಕ್ಕೆ ಕೂತಿದ್ದೆ. ಏನೂ ಮಾಡಲಿಲ್ಲ. ಕಾರಣವೇ ಇಲ್ಲದೆ ನನ್ನ ಕಡೆ ತಿರುಗಿ, ಆ ಸ್ವೀಡಿಷ್ ಹೆಂಗಸರ ಎದುರು, ಬೆನೆಡಿಕ್ಟಾನ ಎದುರು, ನೀನೂ ಶೆಡ್ಡಿನ ಕೂಲಿಯವಳು ಅಂದುಬಿಟ್ಟಳು. ನನ್ನನ್ನ! ನೂರಿಪ್ಪತ್ತು ಎಕರೆಯವಳನ್ನ!

ಯಾಕೆ ಪೆನ್ನು ತೆಗೆದು ಅತ್ತ ಇಟ್ಟಿರಿ?

ಏನು... ತಟ್ಟೆಯಲ್ಲಿ ಏನಿದೆ ಅಂತ ಹಾಗೆ ನೋಡ್ತೀರಿ? ಹುರುಳಿ ಇದೆ. ಕಲ್ಲು ಇದೆ...

ಅಯ್ಯೋ.

ಎಡಕ್ಕೆ ಕರಿದು. ಬಲಕ್ಕೆ ಒಡಕು. ಒಳ್ಳೇದೆಲ್ಲ ಮಡಿಲಲ್ಲಿ. ಐದು ಕೆ.ಜಿ.ಯೂ ಮುಗಿದುಹೋಗಿದೆ, ಇಂದಮ್ಮ. ಮೂರಕ್ಕೇ ಕತ್ತಲಾಗೋ ಊರು ಇದು, ಅದಕ್ಕೆ ಸ್ವಲ್ಪ ಮುಂಚೆ ಕೂತದ್ದು... ಈಗಿನ್ನೂ ನಾಲ್ಕು ಗಂಟೆ.

ಎಷ್ಟು ಹೊತ್ತಿಂದ ನೋಡ್ತಿದ್ದೀರಿ? ಮೊದಲಿಂದಲೂ? ಹೇಳಬಾರದಿತ್ತಾ ನನಗೆ? ಕೈ ಹಿಡಿದು ನಿಲ್ಲಿಸಬಾರದಿತ್ತಾ?

ಅವತ್ತೂ ಹೀಗೇ ಆಯ್ತು. ಬೆನೆಡಿಕ್ಟಾ ಕನ್ನಡದಲ್ಲಿ ಹೇಳ್ತಾ ಇದ್ದಳು, ನಾನು ಕೇಳ್ತಾ ಇದ್ದೆ. ಯಾವಾಗ ಅವಳ ದನಿ ನಿಂತಿತು ಅಂತ ಗೊತ್ತೇ ಆಗಲಿಲ್ಲ. ತಲೆ ಎತ್ತಿದರೆ ಎಲ್ಲರೂ ನನ್ನ ಕೈ ನೋಡ್ತಿದ್ದಾರೆ. ಮೇಜಿನ ಮೇಲೆ ಮೂರು ರಾಶಿ.

ಮೂಡಿಗೆರೆ ಅಲ್ಲ. ಎಕರೆ ಇಲ್ಲ, ಗುಂಟೆ ಇಲ್ಲ. ಮಂಗಳೂರು. ಅಲ್ಲೊಂದು ಕಾಫಿ ಹದ ಮಾಡುವ ಕಾರ್ಖಾನೆ. ನನ್ನಮ್ಮ ಅಲ್ಲಿದ್ದಳು, ಅವಳ ಪಕ್ಕ ನಾನು ಕೂತಾಗ ನನಗೆ ಹನ್ನೊಂದು. ಮೂವತ್ತೆರಡು ವರ್ಷ ಕೂತೆ. ಮದುವೆ ಆಯ್ತು, ಕೂತೆ. ಗಂಡ ಸತ್ತ, ಹದಿಮೂರನೇ ದಿನ ಮುಗಿಸಿ ಬಂದು ಕೂತೆ. ನನ್ನ ಮಗ ಸಂಜಯ ಗೋಣಿಚೀಲದ ಮೇಲೆ ಮಲಗಿ ಬೆಳೆದವನು, ಬೆನ್ನ ಮೇಲೆ ಚೀಲದ ಅಚ್ಚು ಬೀಳೋದು, ಒರೆಸಿ ಒರೆಸಿ ಸ್ಕೂಲಿಗೆ ಕಳಿಸ್ತಿದ್ದೆ. ಸಂಜೆ ಗೇಟಿನ ಹತ್ತಿರ ಸಾಲು. ಸೀರೆಯ ನೆರಿಗೆ ಬಿಚ್ಚಿ ಕೊಡವಬೇಕು, ಬೀಜ ಕದ್ದಿಲ್ಲ ಅಂತ ತೋರಿಸೋಕೆ. ದಿನಾ. ಮೂವತ್ತೆರಡು ವರ್ಷ ದಿನಾ. ಒಂದು ದಿನ ಒಂದು ಬೀಜ ಬಿತ್ತು ನನ್ನ ನೆರಿಗೆಯಿಂದ. ಒಂದೇ ಒಂದು, ಸಿಕ್ಕಿಕೊಂಡಿದ್ದು. ಗೇಟಿನ ಕಾವಲಿನವನು ಅದನ್ನ ಎತ್ತಿ ಎಲ್ಲರಿಗೂ ತೋರಿಸಿದ. ನನ್ನಮ್ಮ ತುಳುವಿನಲ್ಲಿ ಅವನಿಗೆ ಒಂದು ಮಾತು ಬೈದಳು, ಅದನ್ನ ನಾನು ನಿಮಗೆ ಹೇಳಲ್ಲ. ಈ ಆರು ವರ್ಷದಲ್ಲಿ, ಈಗ ಕಲ್ಲು ಎಣಿಸಿದ್ದು ಬಿಟ್ಟರೆ, ಆ ಭಾಷೆಯ ಒಂದು ಮಾತು ನಾನು ಬಾಯಿಬಿಟ್ಟು ಆಡಿಲ್ಲ. ಘಟ್ಟದ ಮೇಲಿನವಳು ಅಲ್ವಾ ನಾನು.

ಯಾರೂ ಹೇಳು ಅಂದಿರಲಿಲ್ಲ. ಇಲ್ಲಿಗೆ ಬಂದು ಮೊದಲ ಯುಗಾದಿ, ಕನ್ನಡದವರೆಲ್ಲ ಸೇರಿದ್ದರು, ಎಲ್ಲರದೂ ರೇಷ್ಮೆ. ಯಾರೋ ಪ್ರೀತಿಯಿಂದಲೇ ಕೇಳಿದರು, ನಿಮ್ಮದು ಯಾವ ಕಡೆ ಅಮ್ಮ, ಏನು ಮಾಡ್ತಿದ್ದಿರಿ ಅಂತ. ಕಾಫಿ ಅಂದೆ. "ಓ, ಪ್ಲಾಂಟರ್ಸ್!" ಅಂದರು. ನಾನು ಇಲ್ಲ ಅನ್ನಲಿಲ್ಲ. ಸಂಜಯ ನನ್ನ ಮುಖ ನೋಡಿದ. ಒಂದು ಸಲ ನೋಡಿದ, ಆಮೇಲೆ ತಟ್ಟೆ ನೋಡಿದ. ಅವತ್ತಿಂದ ಆ ವಿಷಯ ನಾವಿಬ್ಬರೂ ಆಡಿಲ್ಲ. ಪಾವನಾ ತನ್ನ ಸ್ನೇಹಿತೆಯರಿಗೆಲ್ಲ ಹೇಳ್ಕೊಂಡಿದ್ದಾಳೆ, ನಮ್ಮತ್ತೆ ಎಸ್ಟೇಟಿನವರು ಅಂತ. ಎಕರೆ ಲೆಕ್ಕ ಆಮೇಲೆ ನಾನೇ ಸೇರಿಸಿದ್ದು.

ಅವಳು ಕೂಲಿಯವಳು ಅನ್ನಲಿಲ್ಲ ಇಂದಮ್ಮ. ಆ ಮಾತು ನಾನು ಅಂದದ್ದು. ಅವಳು ಎದ್ದು ಓಡಿ ಬಂದಳು. ಮೇಜು ಸುತ್ತಿಕೊಂಡು, ಕುರ್ಚಿ ಬೀಳಿಸಿಕೊಂಡು ಬಂದಳು. ನನ್ನ ಎರಡೂ ಕೈ ಹಿಡಿದಳು. "ಅಕ್ಕಾ, ನೀನು ಯಾವ ಶೆಡ್ಡಿನಲ್ಲಿ? ನಾನೂ ಒಂಬತ್ತನೇ ವಯಸ್ಸಿಂದ ಆರಿಸಿದವಳು!" ಅಂತ. ಚಿನ್ನದ ಹಲ್ಲು, ಕಣ್ಣಲ್ಲಿ ನೀರು. ಇಪ್ಪತ್ತೆರಡು ವರ್ಷದಲ್ಲಿ ಈ ಊರಿನಲ್ಲಿ ತನ್ನವರು ಒಬ್ಬರು ಸಿಕ್ಕ ಹಾಗೆ. ಅದನ್ನ ಕನ್ನಡಕ್ಕೆ ತಿರುಗಿಸಿ ಹೇಳಿದ ಬೆನೆಡಿಕ್ಟಾ ನನ್ನನ್ನೇ ನೋಡ್ತಾ ಇದ್ದಳು. ಅದೇ ಊರಿನವಳು, ನಾಳೆ ಎಲ್ಲರಿಗೂ ಗೊತ್ತಾಗುತ್ತೆ ಅನ್ನಿಸಿತು. ನಾನು ಕೈ ಕೊಡವಿಕೊಂಡೆ. "ಅದು ಕೂಲಿಗಳ ಕೆಲಸ, ನಾನು ಬರೀ ನೋಡಿದವಳು" ಅಂದೆ. ಕರ್ಚೀಫು ತೆಗೆದು ಅವಳು ಮುಟ್ಟಿದ ಕೈ ಒರೆಸಿಕೊಂಡೆ. ಅವಳ ಎದುರಿಗೇ.

ಬೆನೆಡಿಕ್ಟಾ ಇವತ್ತಿನವರೆಗೂ ಒಬ್ಬರಿಗೂ ಒಂದು ಮಾತು ಹೇಳಿಲ್ಲ. ಅವಳ ಸೋಫಾ ಕತೆ ನಾನು ಊರೆಲ್ಲ ಹೇಳಿದೆ.

ಮೂರು ದಿನ ನಿದ್ದೆ ಇಲ್ಲ. ನಾಲ್ಕನೇ ದಿನ ರೊಟ್ಟಿಯ ಬುಟ್ಟಿಗೆ ಬಂದೂಕು ಹಾಕಿದೆ. ಅವಳ ಮಾತು ಯಾರೂ ನಂಬಬಾರದು, ಅಷ್ಟೇ ಬೇಕಿತ್ತು ನನಗೆ. ಅದು ಕಾಗದದವರೆಗೆ ಹೋಗುತ್ತೆ ಅಂತ... ಇಲ್ಲ, ಸುಳ್ಳು. ಕಾಗದ ಬರೆಸು ಅಂತ ಯೋಗೀಶನಿಗೆ ನಾನೇ ಹೇಳಿದ್ದು.

ಮುಚ್ಚಳ ಹಾಕಿದಿರಾ ಪೆನ್ನಿಗೆ? ಹಾಕಿ. ನಿಮ್ಮ ರುಜು ಇಲ್ಲದಿದ್ದರೆ ಆ ಅರ್ಜಿ ನಿಲ್ಲೋದಿಲ್ಲ. ರೋಹನ್‌ಗೂ ಬೇಡ ಅನ್ನಿ. ಯಾಕೆ ಅಂತ ಕೇಳಿದರೆ... ಹೇಳಿ. ಹುರುಳಿ ಮುಟ್ಟಿ ಆಣೆ ಮಾಡಿಸಿದ್ದೆ, ಅದನ್ನ ವಾಪಸು ತಗೊಂಡೆ. ಹೇಳಿ.

ಇನ್ನೊಂದಿದೆ. ಅದನ್ನ ಹೇಳೋಕೇ ಬಂದದ್ದೋ ಏನೋ, ಕಾಗದ ಒಂದು ನೆಪ. ನಿನ್ನೆ ಬಟ್ಟೆ ಒಗೆಯುವ ಕೋಣೆಗೆ ಹೋದೆ, ನನ್ನದೇ ಪಾಳಿ. ಅವಳು ಬಂದಳು. ಬುಟ್ಟಿ ಇಲ್ಲ, ಬಟ್ಟೆ ಇಲ್ಲ, ಸುಮ್ಮನೆ ಬಂದಳು. ಕಾಗದಕ್ಕೆ ಮೊದಲೇ ಸುದ್ದಿ ಮುಟ್ಟಿ, ಡಾಗಿಸ್‌ನವರು ಕರೆದು ಕೇಳಿದ್ದರಂತೆ, ಬಂದೂಕಿನ ವಿಷಯ. ಕಿರುಚಲಿಲ್ಲ, ಅಳಲಿಲ್ಲ. ಅವತ್ತಿನ ಹಾಗೇ ಕುರ್ಚಿ ಎಳೆದು ಹಾಕಿದಳು. ನಾನು ಕೂರಲಿಲ್ಲ. ನಿಧಾನಕ್ಕೆ, ಶ್ರಾವಣಿಗೆ ಹೇಳುವ ಹಾಗೆ, ಒಂದೊಂದೇ ಮಾತು ಬಿಡಿಸಿ ಇಟ್ಟಳು. ಆರು ವರ್ಷ ಅರ್ಥವಾಗದ ಈ ಸ್ವೀಡಿಷ್ ಭಾಷೆ, ನಿನ್ನೆ ಒಂದಕ್ಷರ ಬಿಡದೆ ಅರ್ಥವಾಯ್ತು ನನಗೆ. ಬೆನೆಡಿಕ್ಟಾ ಬೇಕಾಗಲಿಲ್ಲ.

"ನನ್ನ ಅಜ್ಜಿಯ ಬೆನ್ನ ಹಿಂದೆ ಸಿಪಾಯಿಗಳಿದ್ದರು" ಅಂದಳು. "ಅದಕ್ಕೆ ಅವಳು, ನಾನು ಆ ಜನ ಅಲ್ಲ ಅಂದಳು. ನಿನ್ನ ಹಿಂದೆ ಯಾರಿದ್ದರು, ಶಕುಂತಲಾ?"